ಗೋಲಿನಲ್ಲಿ ಯಾರು?

ಐದು ವರ್ಷ, ವರ್ಷಕ್ಕೊಮ್ಮೆ, ನಾನು ಮೈಕ್ ಹಿಡಿದು ಸತ್ತುಹೋದ ಒಬ್ಬ ನಿರಪರಾಧಿಯನ್ನು ಜನರ ಎದುರು ನಗೆಪಾಟಲು ಮಾಡಿದ್ದೇನೆ. ಅವರು ನಿರಪರಾಧಿ ಎಂದು ನನಗೆ ಗೊತ್ತಿತ್ತು. ಅದಕ್ಕೆ ಪುರಾವೆ ನನ್ನ ಮನೆಯಲ್ಲೇ, ಬೀರುವಿನಲ್ಲಿ, ಚಳಿಗಾಲದ ಶಾಲುಗಳ ಕೆಳಗೆ ಇತ್ತು. ಮತ್ತು ಅವರ ಮಗಳು — ಇದನ್ನು ಬರೆಯಲು ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ — ಐದೂ ಸಲ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಕುಳಿತಿದ್ದರು.

ನಾನು ಧಾರವಾಡದವಳು. ಲಂಡನ್ನಿನ ಅಂಚಿನ ಕ್ರೋಯ್ಡನ್‌ಗೆ ಬಂದು ಇಪ್ಪತ್ತೇಳು ವರ್ಷವಾಯಿತು. ವಾರವೆಲ್ಲ ಜಿಪಿ ಸರ್ಜರಿಯೊಂದರಲ್ಲಿ, ಅಂದರೆ ಬಡಾವಣೆಯ ವೈದ್ಯರ ದವಾಖಾನೆಯಲ್ಲಿ, ರಿಸೆಪ್ಷನಿಸ್ಟ್ ಕೆಲಸ — ಯಾರಿಗೆ ಯಾವ ಕಾಯಿಲೆ ಎಂದು ಗೊತ್ತಿದ್ದೂ ಗೊತ್ತಿಲ್ಲದಂತೆ ಮುಖ ಇಟ್ಟುಕೊಳ್ಳಬೇಕು. ಅದನ್ನು ನಾನು ಸ್ವಲ್ಪ ಹೆಚ್ಚೇ ಚೆನ್ನಾಗಿ ಕಲಿತೆ. ಶನಿವಾರ ಮಾತ್ರ ನಾನು ನಮ್ಮ ಬಡಾವಣೆಯ ಫುಟ್‌ಬಾಲ್ ಕ್ಲಬ್ಬಿನವಳು. ಟಿವಿಯಲ್ಲಿ ಬರುವ ಯಾವ ಲೀಗಿನಲ್ಲೂ ನಮ್ಮ ಹೆಸರಿಲ್ಲ. ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು. ಪಂದ್ಯಕ್ಕೆ ಇನ್ನೂರು ಜನ ಬಂದರೆ ಚಹಾ ಮಾಡುವವರಿಗೆ ಗಾಬರಿಯಾಗುತ್ತದೆ.

ಮಗ ಚಿಕ್ಕವನಿದ್ದಾಗ ಅಲ್ಲಿ ಆಡುತ್ತಿದ್ದ. ಹದಿನೈದಕ್ಕೆ ಆಟ ಬಿಟ್ಟ, ನಾನು ಬಿಡಲಿಲ್ಲ. "ಮಗಾ ಬಿಟ್ಟಾ, ಅವ್ವಗ ಹಿಡೀತು," ಎಂದು ನನ್ನ ಗಂಡ ಗುರುರಾಜ ಇವತ್ತಿಗೂ ಕಾಡಿಸುತ್ತಾರೆ. ನಿಜ ಹೇಳಬೇಕೆಂದರೆ ಅಲ್ಲಿ ನನಗೊಂದು ಜಾಗ ಸಿಕ್ಕಿತ್ತು. ಸರೋಜಾ ಹೋಗಿ "ಸರೂ" ಆದೆ. ಮೊದಲು ಚಹಾ, ಆಮೇಲೆ ಟಿಕೆಟ್, ಆಮೇಲೆ ಅಧ್ಯಕ್ಷ ಗ್ರಹಾಂ ನನ್ನನ್ನು ಕ್ಲಬ್ಬಿನ ಕಾರ್ಯದರ್ಶಿ ಮಾಡಿದರು. ಕೋಟಿಗೆ ಚುಚ್ಚಿಕೊಳ್ಳಲು ಒಂದು ಬಿಲ್ಲೆ ಕೊಟ್ಟರು. ಮದುವೆಯ ಒಡವೆ ಹಾಕಿಕೊಂಡಾಗಲೂ ನಾನು ಅಷ್ಟು ಬೀಗಿರಲಿಲ್ಲ.

ಆ ಮೈದಾನದಲ್ಲಿ ನನ್ನ ಮೊದಲ ಸ್ನೇಹಿತೆ ಡೋರೀನ್. ಆಗಲೇ ಎಪ್ಪತ್ತು ದಾಟಿದ್ದರು. ನಾನು ಮೊದಲ ಚಳಿಗಾಲದಲ್ಲಿ ಗಡಗಡ ನಡುಗುತ್ತ ಕುಳಿತಿದ್ದಾಗ ತಮ್ಮ ಕಂಬಳಿಯ ಅರ್ಧ ನನ್ನ ಮೊಣಕಾಲ ಮೇಲೆ ಎಳೆದರು. ಯಾವ ಊರು, ಯಾವಾಗ ಬಂದೆ ಎಂದು ಕೇಳಲಿಲ್ಲ. "ಆಫ್‌ಸೈಡ್ ಅಂದರೆ ಏನು ಗೊತ್ತೇ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ಒಳ್ಳೆಯದು, ಇಲ್ಲಿ ಯಾರಿಗೂ ಗೊತ್ತಿಲ್ಲ," ಎಂದರು.

ಡೋರೀನ್ ತವರಿನ ಮೈದಾನದಲ್ಲಿ ನಡೆದ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಅದಕ್ಕೆ ಕಾರಣ ಆಟದ ಹುಚ್ಚು ಎಂದುಕೊಂಡಿದ್ದೆ. ಕಾರಣ ಅವರ ತಂದೆ ಎಂದು ಆಮೇಲೆ ತಿಳಿಯಿತು.

ಆ ಕಥೆಯನ್ನು ಹೇಳಲೇಬೇಕು. ಎರಡು ಮಹಾಯುದ್ಧಗಳ ನಡುವೆ ನಮ್ಮ ಕ್ಲಬ್ಬಿನ ಪಾಲಿಗೆ ಒಂದು ಕೆಟ್ಟ ವರ್ಷ ಬಂತು. ಸೋತು ಸೋತು ಪಟ್ಟಿಯ ತಳಕ್ಕೆ ಬಿದ್ದರು. ಲೀಗಿನಲ್ಲಿ ಉಳಿಯಬೇಕಾದರೆ ಕೊನೆಯ ಪಂದ್ಯ ಸೋಲಬಾರದಿತ್ತು. ಪಂದ್ಯ ಲಂಡನ್ನಿನ ಆಚೆ. ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ಸೇರಿ ಒಟ್ಟಿಗೆ ರೈಲು ಹತ್ತುವುದೆಂದು ಏರ್ಪಾಡು. ಹತ್ತು ಜನ ಬಂದರು. ಗೋಲ್‌ಕೀಪರ್ ಆರ್ಥರ್ ಪೆಲ್ ಬರಲಿಲ್ಲ. ಹತ್ತೇ ಜನ ಆಡಿ ಆರು ಗೋಲುಗಳಿಂದ ಸೋತರು.

ತಳದಲ್ಲಿ ಉಳಿದ ತಂಡ ಆ ಕಾಲದಲ್ಲಿ ಲೀಗಿನಲ್ಲಿ ಮುಂದುವರಿಯಲು ಬೇರೆ ಕ್ಲಬ್‌ಗಳ ಎದುರು ನಿಂತು ಓಟು ಬೇಡಬೇಕಿತ್ತು. ನಮ್ಮವರು ಬೇಡಿದರು. ಒಬ್ಬ ಕೈಕೊಟ್ಟು ಓಡಿದ, ಹತ್ತು ಜನ ಎದೆಗೊಟ್ಟು ನಿಂತರು, ಆ ಹತ್ತು ಜನರನ್ನು ಶಿಕ್ಷಿಸಬೇಡಿ ಎಂದರು. ಮಾತು ನಾಟಿತು. ಓಟು ಸಿಕ್ಕಿತು, ಕ್ಲಬ್ ಬದುಕಿತು. ಅಂದಿನಿಂದ ನಮ್ಮದು "ಹತ್ತು ಜನರ ಕ್ಲಬ್".

ಅಂದಿನಿಂದಲೇ ಒಂದು ಪದ್ಧತಿ ಕೂಡ ಬಂದಿದೆ. ಪ್ರತಿ ಆಗಸ್ಟ್‌ನಲ್ಲಿ, ಮೊದಲ ಪಂದ್ಯಕ್ಕೆ ಮುಂಚೆ, ಕಾರ್ಯದರ್ಶಿ ಮೈಕಿನಲ್ಲಿ ಆ ಹತ್ತು ಹೆಸರು ಓದಬೇಕು. ಒಂದೊಂದು ಹೆಸರಿಗೂ ಚಪ್ಪಾಳೆ. ಕೊನೆಗೆ ಕಾರ್ಯದರ್ಶಿ ಕೇಳಬೇಕು: "ಗೋಲಿನಲ್ಲಿ ಯಾರು?" ಮೈದಾನವೆಲ್ಲ ಒಟ್ಟಿಗೆ ಕೂಗುತ್ತದೆ: "ಯಾರೂ ಇಲ್ಲ." ಆಮೇಲೆ ನಗು. ಚಿಕ್ಕ ಮಕ್ಕಳಿಗೂ ಬಾಯಿಪಾಠ. ಅವರಾರೂ ಕೆಟ್ಟವರಲ್ಲ. ತೊಂಬತ್ತು ವರ್ಷದ ಹಿಂದಿನ ಮನುಷ್ಯನಿಗೆ ನೋವಾಗುತ್ತದೆ ಎಂದು ಯಾರು ಯೋಚಿಸುತ್ತಾರೆ?

ಡೋರೀನ್ ಹುಟ್ಟಿದ್ದು ಆ ಪಂದ್ಯದ ಮರುವರ್ಷ. ಶಾಲೆಯಲ್ಲಿ ಅವರನ್ನು "ಯಾರೂ ಇಲ್ಲನ ಮಗಳು" ಎಂದು ಕರೆಯುತ್ತಿದ್ದರಂತೆ. "ಅಪ್ಪ ಏನೋ ಒಂದು ಕಾರ್ಡಿನ ಕಥೆ ಹೇಳುತ್ತಿದ್ದರು," ಎಂದು ಒಮ್ಮೆ ನನಗೆ ಹೇಳಿದ್ದರು. "ನಾನು ನಂಬಲಿಲ್ಲ. ನಮ್ಮ ಮನೆಯವರು ಒಬ್ಬರು ಬರಬೇಕಾದ ದಿನ ಬರಲಿಲ್ಲ. ಅದಕ್ಕೇ ನಾನು ಒಂದು ದಿನವೂ ತಪ್ಪಿಸುವುದಿಲ್ಲ." ಜನ "ಯಾರೂ ಇಲ್ಲ" ಎಂದು ಕೂಗುವಾಗ ಅವರು ತಲೆ ತಗ್ಗಿಸಿ ಕೈಗವಸು ಸರಿಮಾಡಿಕೊಳ್ಳುತ್ತಿದ್ದರು. ಆಗಸ್ಟ್‌ನಲ್ಲೂ ಕೈಗವಸು ತರುತ್ತಿದ್ದರು.

ಈಗ ನನ್ನ ಪಾಲಿನದು.

ಐದು ವರ್ಷದ ಹಿಂದೆ, ವಸಂತದಲ್ಲಿ, ಕ್ಲಬ್ ಮನೆಯ ಛಾವಣಿ ಸೋರಿ ಹಳೆಯ ಕಪಾಟು ನೆನೆಯಿತು. ಅದರೊಳಗೆ ಕಮಿಟಿಯ ನಡಾವಳಿ ಪುಸ್ತಕಗಳಿದ್ದವು. ಒಣಗಿಸುತ್ತೇನೆಂದು ಮನೆಗೆ ತಂದು, ರೇಡಿಯೇಟರಿನ ಪಕ್ಕ ಹಾಸಿ, ಒಂದೊಂದೇ ಪುಟ ಬಿಡಿಸುತ್ತಿದ್ದೆ. ಆ ವರ್ಷದ ಪುಸ್ತಕದಲ್ಲಿ ಎರಡು ಪುಟಗಳನ್ನು ಯಾರೋ ಅಂಚಿಗೆ ಗೋಂದು ಹಚ್ಚಿ ಬೇಕೆಂದೇ ಅಂಟಿಸಿದ್ದರು. ನೀರಿಗೆ ಗೋಂದು ಬಿಟ್ಟಿತ್ತು. ಒಳಗಿನಿಂದ ಒಂದು ಅಂಚೆ ಕಾರ್ಡ್ ಜಾರಿ ನೆಲಕ್ಕೆ ಬಿತ್ತು.

ಮನೆಗಳಲ್ಲಿ ಫೋನಿಲ್ಲದ ಆ ದಿನಗಳಲ್ಲಿ ಕಾರ್ಯದರ್ಶಿ ಪ್ರತಿ ಆಟಗಾರನಿಗೂ ಒಂದು ಕಾರ್ಡ್ ಹಾಕುತ್ತಿದ್ದ — ಎಲ್ಲಿ ಸೇರಬೇಕು, ಎಷ್ಟು ಹೊತ್ತಿಗೆ. ನಮ್ಮ ಕಡೆಯ ರೈಲುಗಳು ಆಗಲೂ ಈಗಿನಂತೆಯೇ, ಕೆಲವು ವಿಕ್ಟೋರಿಯಾಕ್ಕೆ, ಕೆಲವು ಲಂಡನ್ ಬ್ರಿಡ್ಜ್ ಎಂಬ ಇನ್ನೊಂದು ಸ್ಟೇಷನ್ನಿಗೆ. ಹನ್ನೊಂದು ಕಾರ್ಡ್ ಒಂದೇ ಉಸಿರಿಗೆ ಬರೆಯುವವನ ಕೈ ತಪ್ಪಿತ್ತು. ಪೆಲ್ ಅವರ ಕಾರ್ಡಿನಲ್ಲಿ "ಲಂಡನ್ ಬ್ರಿಡ್ಜ್" ಎಂದಿತ್ತು.

ಪುಟಗಳಲ್ಲಿ ಉಳಿದದ್ದೆಲ್ಲ ಇತ್ತು. ಪೆಲ್ ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿಗೆ ಬಂದು ಒಂದು ಗಂಟೆಗೂ ಹೆಚ್ಚು ಕಾದಿದ್ದರು. ಆಮೇಲೆ ತಾವೇ ರೈಲು ಬದಲಿಸಿ ಬದಲಿಸಿ ಹೋಗಿ ತಲುಪುವಷ್ಟರಲ್ಲಿ ಆಟ ಮುಗಿದಿತ್ತು. ಕಾರ್ಡನ್ನು ಕಮಿಟಿಯ ಮುಂದಿಟ್ಟರು. ಅಕ್ಷರ ತನ್ನದೇ ಎಂದು ಕಾರ್ಯದರ್ಶಿ ಒಪ್ಪಿದ. ಮುಂದಿನ ಸಾಲು ಇದು: ಓಟಿನ ಸಭೆ ಹತ್ತಿರವಿರುವುದರಿಂದ ವಿಷಯವನ್ನು ಹೊರಗೆ ತರಬಾರದು, ಕಾರ್ಡನ್ನು ಹಿಂದಿರುಗಿಸಬಾರದು. ಆ ಕಾರ್ಯದರ್ಶಿ ಯಾರೆಂದರೆ, ಅಧ್ಯಕ್ಷ ಗ್ರಹಾಂ ಅವರ ಅಜ್ಜ. ಕ್ಲಬ್ ಮನೆಯ ಬಾರಿನ ಗೋಡೆಯ ಮೇಲೆ ಅವರ ದೊಡ್ಡ ಫೋಟೋ ಇದೆ.

ಓದಿ ಮುಗಿಸಿದಾಗ ಗುರುರಾಜ ಬಾಗಿಲಲ್ಲಿದ್ದರು. ಅವರಿಗೂ ತೋರಿಸಿದೆ.

"ಇದನ್ನ ಡೋರೀನ್ ಅಜ್ಜಿಗೆ ತೋರಸ್ಬೇಕಲ್ಲ?" ಎಂದರು.

"ತೋರಸ್ತೀನ್ರಿ. ಕೌನ್ಸಿಲ್ ಮೀಟಿಂಗ್ ಒಂದ್ ಮುಗೀಲಿ."

"ಮುಗದ ಮ್ಯಾಲೆ ತೋರಸ್ತಿ, ಹೌದಿಲ್ಲೋ?"

"ಹೌದ್ರಿ."

ಆ ವಾರವೇ ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆ, ನಮ್ಮ ಮೈದಾನದ ಗುತ್ತಿಗೆಯ ವಿಷಯ ತೀರ್ಮಾನಿಸಬೇಕಿತ್ತು. ಅಲ್ಲಿ ಫ್ಲಾಟು ಕಟ್ಟುವವರು ಕಾದು ಕುಳಿತಿದ್ದರು. ಮೈದಾನ ನಮಗೇ ಉಳಿಯಲಿ ಎಂಬ ಮನವಿಯನ್ನು ಬರೆದವಳು ನಾನು. ಅದರ ಮೊದಲ ಪುಟವೇ ಹತ್ತು ಜನರ ಕಥೆ. ನನಗೆ ಕಣ್ಣೀರು ಬರುವಷ್ಟು ಚೆನ್ನಾಗಿ ಬರೆದಿದ್ದೆ. ಈಗ ಹೋಗಿ, ಆ ಪುಟ ಸುಳ್ಳು, ನಮ್ಮ ಕ್ಲಬ್ ಬದುಕಿದ್ದೇ ಒಬ್ಬ ಮನುಷ್ಯನ ಹೆಸರು ಕೆಡಿಸಿ ಎಂದು ಹೇಗೆ ಹೇಳಲಿ? ಕೌನ್ಸಿಲ್ ಒಪ್ಪಿತು. ಕ್ಲಬ್ ಮನೆಯ ಗೋಡೆಯ ಮೇಲೆ ಹತ್ತು ಜನರ ಚಿತ್ರ ಬರೆಸಿದರು. ಗ್ರಹಾಂ ಎಲ್ಲರೆದುರು, "ಈ ಮೈದಾನ ಉಳಿದದ್ದು ಸರೂನಿಂದ," ಎಂದರು. ನಾನು ಕಾರ್ಡನ್ನು ಶಾಲುಗಳ ಕೆಳಗೆ ಇಟ್ಟೆ.

ನನ್ನ ಮೇಲೆ ಯಾರೂ ಒತ್ತಡ ಹಾಕಲಿಲ್ಲ. ಗ್ರಹಾಂಗೆ ಇದಾವುದೂ ಗೊತ್ತೇ ಇರಲಿಲ್ಲ. ನಾನೇ, ನನ್ನ ಕೈಯಾರೆ...

ಆಗಸ್ಟ್ ಬಂತು. ಮೈಕ್ ಕೈಗೆ ಬಂತು. ಹತ್ತು ಹೆಸರು ಓದಿದೆ. ಹನ್ನೊಂದನೆಯ ಹೆಸರು ನಾಲಿಗೆಯ ತುದಿಯಲ್ಲಿತ್ತು — ಒಂದು ಕ್ಷಣ ನಿಂತೆ ಕೂಡ. ಜನ ಕಾಯುತ್ತಿದ್ದರು. "ಗೋಲಿನಲ್ಲಿ ಯಾರು?" ಎಂದು ಕೇಳಿಬಿಟ್ಟೆ. "ಯಾರೂ ಇಲ್ಲ." ಡೋರೀನ್ ತಲೆ ತಗ್ಗಿಸಿದರು. ಆ ಗಳಿಗೆಯವರೆಗೆ ನಾನು ತಡಮಾಡಿದವಳು ಮಾತ್ರ. ಆ ಗಳಿಗೆಯಿಂದ ನಾನೂ ಆ ಕಮಿಟಿಯವಳಾದೆ.

ಒಮ್ಮೆ ಓದಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಹೇಳಿದರೆ, ಗೊತ್ತಿದ್ದೂ ಯಾಕೆ ಓದಿದೆ ಎಂದು ಕೇಳುತ್ತಾರೆ. ಎರಡು ಸಲವಾದ ಮೇಲೆ, ಎರಡು ಸಲ ಯಾಕೆ ಓದಿದೆ ಎಂದು ಕೇಳುತ್ತಾರೆ. ಗುರುರಾಜ ಆಗಾಗ ಕೆದಕುತ್ತಿದ್ದರು. ಒಂದು ದಿನ ಊಟ ಮಾಡುತ್ತ, "ಸರೋಜಾ, ನಾ ಇನ್ನ ಕೇಳಂಗಿಲ್ಲ. ನಿನಗ ಬಿಟ್ಟದ್ದು," ಎಂದರು. ಆಮೇಲೆ ನಿಜವಾಗಿಯೂ ಕೇಳಲಿಲ್ಲ. ಅವರು ಸುಮ್ಮನಾದದ್ದು ನನಗೆ ಸಮಾಧಾನ ತಂದಿತು. ನಾಚಿಕೆಯಾಗಬೇಕಿತ್ತು.

ಎರಡು ವರ್ಷದ ಹಿಂದೆ ಡೋರೀನ್ ನಮ್ಮ ಮನೆಗೆ ಬಂದಿದ್ದರು. ಚಕ್ಕುಲಿ ಎಂದರೆ ಅವರಿಗೆ ಇಷ್ಟ, ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಇದ್ದಕ್ಕಿದ್ದಂತೆ, "ಆ ವರ್ಷದ ನಡಾವಳಿ ಪುಸ್ತಕ ನಿನ್ನ ಹತ್ತಿರ ಇದೆಯಂತೆ, ಗ್ರಹಾಂ ಹೇಳಿದ. ಅದರಲ್ಲಿ ಅಪ್ಪನ ವಿಷಯ ಏನಾದರೂ ಇದೆಯೇ?" ಎಂದರು.

ಬೀರು ಪಕ್ಕದ ಕೋಣೆಯಲ್ಲಿತ್ತು. ಎದ್ದರೆ ಎಂಟು ಹೆಜ್ಜೆ.

ಎಷ್ಟು ಕಾಲದಿಂದ ಈ ಪ್ರಶ್ನೆಯನ್ನು ಹೊತ್ತಿದ್ದರೋ. ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ದೇವರೂ ಕೊಡಲಾರ. ಅಷ್ಟೆಲ್ಲ ಹೊಳೆದೂ ನಾನು ಹೇಳಿದ್ದು ಇಷ್ಟು: "ಆ ಪುಟಗಳು ನೀರಿಗೆ ಹಾಳಾಗಿವೆ, ಡೋರೀನ್. ಏನೂ ಓದಲು ಆಗುವುದಿಲ್ಲ."

"ಇರಲಿ ಬಿಡು," ಎಂದರು. "ಇದ್ದಿದ್ದರೂ ಏನಿರುತ್ತಿತ್ತು."

ಮುಂದಿನ ವಾರ ನನ್ನಿಂದ ಒಂದು ಪತ್ರ ಟೈಪ್ ಮಾಡಿಸಿದರು. ಸ್ಮಶಾನದ ಕಚೇರಿಗೆ. ತಂದೆತಾಯಿಯ ಸಮಾಧಿಯ ಪಕ್ಕದಲ್ಲಿ ಇವರಿಗೆಂದು ತಾಯಿ ಹಿಂದೆಯೇ ಒಂದು ಜಾಗ ತೆಗೆದಿರಿಸಿದ್ದರು. ಅದು ತಮಗೆ ಬೇಡ, ಬೇರೆಯವರಿಗೆ ಕೊಡಬಹುದು ಎಂದು ಬರೆಸಿದರು. "ಬದುಕಿಡೀ ಆ ಮನುಷ್ಯನ ಪಕ್ಕದಲ್ಲಿ ಕೂರಲು ನಾಚಿದೆ. ಸತ್ತ ಮೇಲೆ ಯಾಕೆ?" ಎಂದರು. ನಾನು ಟೈಪ್ ಮಾಡಿದೆ. ತಪ್ಪಿದೆಯೇ ಎಂದು ಎರಡು ಸಲ ನೋಡಿದೆ. ಅವರು ಸಹಿ ಹಾಕಿದರು, ನಾನೇ ಅಂಚೆಗೆ ಹಾಕಿದೆ. ಡಬ್ಬಿಯ ಬಾಯಲ್ಲಿ ಪತ್ರ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ — ನಿಂತಿದ್ದೆ ಎನ್ನುವುದನ್ನು ಒಳ್ಳೆಯತನದ ಲೆಕ್ಕಕ್ಕೆ ಹಿಡಿಯಬೇಡಿ. ಕೊನೆಗೆ ಒಳಗೆ ಹಾಕಿಬಿಟ್ಟೆ.

ಸತ್ಯ ಹೇಳಿದರೆ ಆ ವಯಸ್ಸಿನಲ್ಲಿ ಅವರಿಗೆ ಆಘಾತವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇದೂ ಸುಳ್ಳೇ. ನಾನು ಹೆದರಿದ್ದು ಅವರ ಆಘಾತಕ್ಕಲ್ಲ. ಆ ಮೈದಾನದಲ್ಲಿ ನಾನು ಮತ್ತೆ ಯಾರೂ ಅಲ್ಲದವಳಾಗುತ್ತೇನೆ ಎಂದು ಹೆದರಿದೆ.

ಈ ಜುಲೈನಲ್ಲಿ ಡೋರೀನ್ ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದರು. ನೋಡಲು ಹೋದೆ. ಕ್ಲಬ್ಬಿನ ಕಾರ್ಯದರ್ಶಿಯಾಗಿ ನನ್ನ ಅನುಮತಿ ಬೇಕೆಂದರು. ತಾವು ಸತ್ತ ಮೇಲೆ ಬೂದಿಯನ್ನು ಮೈದಾನದಲ್ಲಿ, ಗೋಲಿನ ಹಿಂದೆ ಹಾಕಬೇಕಂತೆ. "ನಮ್ಮ ಮನೆಯವರು ಒಬ್ಬರಾದರೂ ಅಲ್ಲಿ ನಿಲ್ಲಲಿ," ಎಂದರು. ನಗುತ್ತಲೇ ಹೇಳಿದರು.

ನನಗೆ ತಡೆಯಲಾಗಲಿಲ್ಲ. ಏನೂ ಹೇಳದೆ ಎದ್ದುಬಂದೆ. ಮನೆಗೆ ಹೋಗಿ, ಕಾರ್ಡ್ ಮತ್ತು ಪುಸ್ತಕ ತೆಗೆದುಕೊಂಡು ಅದೇ ಮಧ್ಯಾಹ್ನ ಹಿಂದಿರುಗಿ, ಅವರ ಮಡಿಲಲ್ಲಿ ಇಟ್ಟೆ.

ಭೂತಗನ್ನಡಿ ಹಿಡಿದು ಕಾರ್ಡ್ ಓದಿದರು. ಪುಟಗಳನ್ನು ಓದಿದರು. ಮತ್ತೆ ಕಾರ್ಡ್. ಬಹಳ ಹೊತ್ತು ಹಿಡಿಯಿತು. ಟಿವಿಯಲ್ಲಿ ಯಾರೋ ಹಳೆಯ ಕುರ್ಚಿ ರಿಪೇರಿ ಮಾಡುತ್ತಿದ್ದರು. ಅದನ್ನು ಆರಿಸಲು ನನಗೆ ಧೈರ್ಯವಾಗಲಿಲ್ಲ.

"ಹದಿನಾರು ವರ್ಷದವಳಿದ್ದಾಗ ಅಪ್ಪನಿಗೆ ಹೇಳಿದ್ದೆ," ಎಂದರು, ತಲೆಯೆತ್ತದೆ. "ಕಾರ್ಡ್ ಇದ್ದರೆ ತೋರಿಸು ಅಂತ. ಅವರ ಹತ್ತಿರ ಇಲ್ಲ ಅಂದರು. ಹಾಗಾದರೆ ಇನ್ನು ಆ ಮಾತು ಎತ್ತಬೇಡ ಅಂದೆ. ಅವರು ಎತ್ತಲಿಲ್ಲ." ಆಮೇಲೆ ಕೇಳಿದರು: "ಇದು ನಿನಗೆ ಯಾವಾಗ ಸಿಕ್ಕಿತು?"

ಇದೊಂದು ಪ್ರಶ್ನೆಗೇ ನಾನು ಐದು ವರ್ಷ ಹೆದರಿದ್ದು. "ಐದು ವರ್ಷವಾಯಿತು," ಎಂದೆ.

"ನೀರಿಗೆ ಹಾಳಾಯಿತು ಅಂದಿದ್ದೆ."

"ಸುಳ್ಳು ಹೇಳಿದ್ದೆ."

"ಅಂದರೆ ಐದು ಸಲ ಓದಿದ್ದೀಯ."

"ಹೌದು."

"ನಾನು ಅಲ್ಲೇ ಕೂತಿದ್ದೆ," ಎಂದರು. ಸಿಟ್ಟಿನಿಂದಲ್ಲ, ಅಳುತ್ತಲೂ ಅಲ್ಲ. ನನಗೆ ಗೊತ್ತಿಲ್ಲದ್ದನ್ನು ತಿಳಿಸುವವರಂತೆ. ಕಾರ್ಡನ್ನು ತಾವಿಟ್ಟುಕೊಂಡು, ಪುಸ್ತಕವನ್ನು ನನ್ನ ಕೈಗಿತ್ತು, "ಈ ಸಲ ಆ ಹೆಸರು ಓದಬೇಕು. ಆದರೆ ನೀನು ಓದಬೇಡ. ನಿನ್ನ ಬಾಯಿಂದ ಬೇಡ. ಈಗ ಹೋಗು," ಎಂದರು.

ಮರುವಾರ ಕಮಿಟಿಯಲ್ಲಿ ಎಲ್ಲವನ್ನೂ ಹೇಳಿದೆ. ಗ್ರಹಾಂ ಪುಟಗಳನ್ನು ಓದಿ, ಗೋಡೆಯ ಮೇಲಿನ ಅಜ್ಜನ ಫೋಟೋ ನೋಡಿ, "ಗುತ್ತಿಗೆಗೆ ಮೊದಲೇ ನನಗೆ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ, ಸರೂ. ಆದರೆ ನೀನು ನನಗೆ ಆ ಅವಕಾಶವನ್ನೇ ಕೊಡಲಿಲ್ಲ," ಎಂದರು. ಅಷ್ಟು ಸಾಕಿತ್ತು. ಆ ದಿನದ ನಡಾವಳಿಯನ್ನು ನಾನೇ ಬರೆದೆ — ನನ್ನ ಹೆಸರು, ನಾನು ಮಾಡಿದ್ದು, ಎಷ್ಟು ವರ್ಷ. ಕೊನೆಯಲ್ಲಿ ರಾಜೀನಾಮೆ. ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಬಂದೆ.

ಹೋದ ಶನಿವಾರ ಮೊದಲ ಪಂದ್ಯ. ಹೋಗಬಾರದು ಎಂದುಕೊಂಡೆ, ಹೋದೆ. ಒಳಗೆ ಹೋಗಲಿಲ್ಲ, ಗೇಟಿನ ಹೊರಗೆ ಕಾರುಗಳ ನಡುವೆ ನಿಂತೆ. ಮೈಕಿನಲ್ಲಿ ಡೋರೀನ್ ಅವರ ಧ್ವನಿ ಕೇಳಿಸಿತು — ನಡುಗುತ್ತಿತ್ತು, ಆದರೆ ಗಟ್ಟಿಯಾಗಿತ್ತು. ಹತ್ತು ಹೆಸರು, ಹತ್ತು ಚಪ್ಪಾಳೆ. ಕಮಿಟಿಯವರು ಪ್ರೇಕ್ಷಕರಿಗೆ ಮುಂಚಿತವಾಗಿ ಏನೂ ಹೇಳಿರಲಿಲ್ಲ. ಬೇಡವೆಂದವರು ಡೋರೀನ್ ಅವರೇ ಅಂತೆ.

"ಗೋಲಿನಲ್ಲಿ ಯಾರು?" ಎಂದು ಅವರು ಕೇಳಿದರು.

"ಯಾರೂ ಇಲ್ಲ," ಎಂದು ಮೈದಾನ ಕೂಗಿತು. ನಗು ಎದ್ದಿತು. ಅವರು ಅದು ಪೂರ್ತಿ ಅಡಗುವವರೆಗೂ ಕಾದರು.

"ಆರ್ಥರ್ ಪೆಲ್," ಎಂದರು. "ನನ್ನ ಅಪ್ಪ. ಅವರು ಬಂದಿದ್ದರು. ಲಂಡನ್ ಬ್ರಿಡ್ಜ್‌ಗೆ ಬಾ ಎಂದು ನೀವೇ ಬರೆದಿದ್ದಿರಿ, ಅಲ್ಲಿಗೆ ಬಂದು ನಿಂತಿದ್ದರು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಂದು ಮಗು ಏನೋ ಕೇಳಿತು, ಅದರ ತಾಯಿ ಸುಮ್ಮನಿರಿಸಿದಳು. ಆಮೇಲೆ ರೆಫರಿ ಸೀಟಿ ಊದಿದ. ಪಂದ್ಯ ಎಂದಿನಂತೆ ಸೋತೆವು.

ಮುಗಿದ ಮೇಲೆ ಗ್ರಹಾಂ, ಡೋರೀನ್ ಅವರ ಗಾಲಿಕುರ್ಚಿಯನ್ನು ತಳ್ಳಿಕೊಂಡು ಗೇಟಿಗೆ ಬಂದರು. ನಾನು ಪಕ್ಕಕ್ಕೆ ಸರಿದೆ. ಡೋರೀನ್ ಕೈಯೆತ್ತಿ ಕುರ್ಚಿ ನಿಲ್ಲಿಸಿದರು. ನನ್ನ ಮುಖ ನೋಡಲಿಲ್ಲ.

"ಅಪ್ಪನ ಪಕ್ಕದ ಜಾಗ," ಎಂದರು. "ವಾಪಸ್ ಸಿಗುತ್ತದೆಯೇ, ಕೇಳಿ ನೋಡು. ಪತ್ರ ಬರೆದವಳು ನೀನು."

ಸೋಮವಾರ ಸರ್ಜರಿಗೆ ರಜೆ ಹಾಕಿ ಸ್ಮಶಾನದ ಕಚೇರಿಗೆ ಹೋದೆ. ಅಲ್ಲಿಯ ಹೆಂಗಸು ಒಳ್ಳೆಯವಳು, ಎರಡು ಸಲ ಹುಡುಕಿದಳು. ನಮ್ಮ ಪತ್ರ ಬಂದ ಮೇಲೆ ಜಾಗವನ್ನು ಪಟ್ಟಿಗೆ ಸೇರಿಸಿದ್ದರು. ಕಳೆದ ವರ್ಷ ಬೇರೆ ಕುಟುಂಬಕ್ಕೆ ಕೊಟ್ಟಾಗಿದೆ. ನಾನು ನಂಬದೆ ಹೋಗಿ ನೋಡಿದೆ. ಪೆಲ್ ದಂಪತಿಗಳ ಕಲ್ಲಿಗೆ ತಾಗಿಕೊಂಡೇ ಹೊಸ ಕಲ್ಲು, ಅದರ ಮುಂದೆ ಹಸಿ ಹೂವು. ಯಾರದೋ ತಾಯಿ ಅಲ್ಲಿ ಮಲಗಿದ್ದಾರೆ. ಅವರನ್ನು ಎದ್ದೇಳಿ ಎನ್ನುವುದು ಹೇಗೆ? ಅಲ್ಲೇ ಹುಲ್ಲಿನ ಮೇಲೆ ಕುಳಿತು ಅತ್ತೆ. ಅತ್ತದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ನನ್ನ ಕೈ ತಾನಾಗಿಯೇ ನಯವಾದ ಕಾರಣಗಳನ್ನು ಹುಡುಕುತ್ತದೆ — ಕೌನ್ಸಿಲ್‌ಗೆ ಬರೆದ ಮನವಿಯ ಹಾಗೆ. ಇದು ಡೋರೀನ್ ಅವರ ಕಣ್ಣಿಗೆ ಬೀಳುವುದಿಲ್ಲ ಎಂಬ ಹೇಡಿತನವೂ ಇದರಲ್ಲಿ ಇದ್ದೀತು. ಹಾಗಾಗಿ ಇದನ್ನು ಬರೆದಿಟ್ಟು ಹಗುರಾದೆ ಎಂದುಕೊಳ್ಳುವ ಹಕ್ಕು ನನಗಿಲ್ಲ.

ಇವತ್ತು ಮಂಗಳವಾರ. ಡೋರೀನ್ ಎರಡು ಸಲ ಫೋನ್ ಮಾಡಿದ್ದರು, ನಾನು ಕೆಲಸದಲ್ಲಿದ್ದೆ. ಈಗ ಕೋಟು ಹಾಕಿಕೊಂಡಿದ್ದೇನೆ. ಟ್ರಾಮ್ ಹಿಡಿದರೆ ಅವರ ಮನೆಗೆ ಇಪ್ಪತ್ತು ನಿಮಿಷ. ಜಾಗ ಇಲ್ಲ, ಅದು ಹೋಯಿತು, ಹೋದದ್ದು ನನ್ನಿಂದ ಎಂದು ಅವರೆದುರು ನಿಂತು ಹೇಳಬೇಕು. ನಾಳೆ ಹೇಳಿದರಾಯಿತು ಎಂದು ಮನಸ್ಸು ಈಗಲೂ ಹೇಳುತ್ತಿದೆ. ಹೊರಟೆ.